ಹನ್ನೊಂದನೇ ಮಹಡಿ, ಹನ್ನೊಂದು ತಿಂಗಳು

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ನಾನು ಇದನ್ನ ರೆಕಾರ್ಡ್ ಮಾಡ್ತಿರೋದು ಬಟ್ಟೆ ಬೀರು ಒಳಗೆ ಕೂತ್ಕೊಂಡು. ತಲೆ ಮೇಲೆ ಅಮ್ಮನ ಸೀರೆಗಳು, ಮೊಣಕಾಲ ಮೇಲೆ ಲ್ಯಾಪ್‌ಟಾಪ್. ತಿಂಗಳಿಗೆ 52,000 ರೂಪಾಯಿ ಬಾಡಿಗೆ ಕೊಟ್ಟು ಹನ್ನೊಂದನೇ ಮಹಡಿಲಿ ಮನೆ ಮಾಡಿ, ಕೊನೆಗೆ ಕೆಲಸ ಮಾಡೋದು ಬೀರು ಒಳಗೆ. ಯಾಕಂದ್ರೆ ಈ ಲಕ್ಷುರಿ ಮನೆಗಳಲ್ಲಿ ಗೋಡೆ ನುಣುಪು, ನೆಲ ನುಣುಪು, ಸಾಮಾನು ಕಮ್ಮಿ. ಮಾತಾಡಿದ್ರೆ ಬಾವಿ ಒಳಗೆ ಮಾತಾಡಿದ ಹಾಗೆ ಕೇಳುತ್ತೆ. ಎರಡು ಬೆಡ್‌ರೂಮ್, ಮೂರು ಬಾಲ್ಕನಿ ನೋಡಿ ಅಡ್ವಾನ್ಸ್ ಕೊಟ್ಟೆ, ಇದನ್ನ ಮಾತ್ರ ನೋಡಲಿಲ್ಲ.

ಕಳೆದ ಎಪಿಸೋಡ್ ಕೆಳಗೆ ತುಂಬಾ ಜನ ಕೇಳಿದ್ರಿ, "ಅಕ್ಕಾ, ರಾಗಿಗುಡ್ಡದ ಹತ್ರ ಆ ದೊಡ್ಡ ಅಪಾರ್ಟ್‌ಮೆಂಟ್‌ಗೆ ಹೋಗಿದ್ದೀರಂತೆ, ಹೇಗಿದೆ?" ಅಂತ. ಹೇಗಿದೆ ಅಂತ ಹೇಳ್ತೀನಿ. ಅಪಾರ್ಟ್‌ಮೆಂಟಿನ ಹೆಸರು ಮಾತ್ರ ಹೇಳಲ್ಲ, ಯಾಕಂದ್ರೆ ನನ್ನ ಡೆಪಾಸಿಟ್ ಇನ್ನೂ ಓನರ್ ಹತ್ರ ಇದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನಾನು ಬೆಳೆದಿದ್ದು ತಾವರೆಕೆರೆಲಿ. ಬಿಟಿಎಂ ಲೇಔಟ್ ಅಂತೀವಲ್ಲ, ಅದರಲ್ಲಿ 'ಟಿ' ಅಂದ್ರೆ ನಮ್ಮೂರು. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿ ಹೆಸರನ್ನ ಮೂರು ಇಂಗ್ಲಿಷ್ ಅಕ್ಷರ ಮಾಡಿದ್ರು, ಈಗ ಪಿಜಿಲಿರೋ ಅರ್ಧ ಜನಕ್ಕೆ ಅದು ಯಾವುದರ ಹೆಸರು ಅಂತಾನೇ ಗೊತ್ತಿಲ್ಲ. ದಕ್ಷಿಣ ಬೆಂಗಳೂರಲ್ಲಿ ಎಲ್ಲಾ ಕಡೆ ಇದೇ ಕಥೆ. ಜಯನಗರಕ್ಕೆ 1948ರಲ್ಲಿ ರಾಜಾಜಿ ಬಂದು ಅಡಿಗಲ್ಲು ಹಾಕಿದಾಗ ಇದೇನು ಖಾಲಿ ಜಾಗ ಆಗಿರಲಿಲ್ಲ. ಸಿದ್ದಾಪುರ, ಯಡಿಯೂರು, ಬೈರಸಂದ್ರ ಎಲ್ಲಾ ಮೊದಲೇ ಇದ್ವು. ಹೊಲ ತೋಟ ಹೋಗಿ ಬ್ಲಾಕು, ಮೇನು, ಕ್ರಾಸು ಬಂತು. ಜನ ವಾಸ ಇದ್ದ ಜಾಗ ಮಾತ್ರ ಹಾಗೇ ಉಳೀತು. ನಲವತ್ತು ಅಡಿ ರಸ್ತೆಲಿ ನಡ್ಕೊಂಡು ಹೋಗ್ತಿರ್ತೀರ, ಒಂದು ತಿರುವು ತಗೊಂಡ್ರೆ ಆರಡಿ ಗಲ್ಲಿ, ಮನೆ ಮುಂದೇನೇ ಬಟ್ಟೆ ಒಗೀತಿರ್ತಾರೆ. ಅದನ್ನ ನಾವು "ಒಳಗಡೆ ಏರಿಯಾ" ಅಂತೀವಿ. ಒಳಗಡೆ ಏರಿಯಾನೇ ಹಳೇದು, ಹೊರಗಿನ ಪಾಷ್ ಏರಿಯಾನೇ ಆಮೇಲೆ ಬಂದಿದ್ದು ಅನ್ನೋದು ಯಾರಿಗೂ ನೆನಪಿರಲ್ಲ.

ತಾವರೆಕೆರೆಲಿ ನಮ್ಮದು ವಠಾರ. ಆರು ಮನೆ, ಎರಡು ಟಾಯ್ಲೆಟ್, ಒಂದು ನಲ್ಲಿ. 'ಗಣೇಶನ ಮದುವೆ' ನೋಡಿದವರಿಗೆ ಬೇರೆ ವಿವರಣೆ ಬೇಡ, ನಮ್ಮ ಓನರೂ ಥೇಟ್ ರಮಣಮೂರ್ತಿನೇ. ಅವರು ತೀರಿಕೊಂಡ ಮೇಲೆ ಮಕ್ಕಳು ವಠಾರ ಕೆಡವಿ ಪಿಜಿ ಕಟ್ಟಿದ್ರು. ನಾವು ಗುರಪ್ಪನಪಾಳ್ಯಕ್ಕೆ ಬಂದ್ವಿ. ಒಂದು ರೂಮು, ಹಾಲು, ಅಡುಗೆಮನೆ. ಕೆಳಗಡೆ ಗ್ಯಾರೇಜು.

ಆ ಗ್ಯಾರೇಜೇ ನಮ್ಮನ್ನ ಇಲ್ಲಿಗೆ ತಂದಿದ್ದು. ನನ್ನ ಈ ಶೋ ಇಂದ ಬರೋ ದುಡ್ಡು ಕರೆಂಟ್ ಬಿಲ್ಲಿಗೆ ಸಾಕು, ಅಷ್ಟೇ. ಹೊಟ್ಟೆಪಾಡು ಅಂದ್ರೆ ಬೇರೆಯವರ ಪಾಡ್‌ಕಾಸ್ಟ್ ಎಡಿಟ್ ಮಾಡೋದು, ವಾಯ್ಸ್ ಕೊಡೋದು. ನಾನು ದುಪ್ಪಟಿ ಹೊದ್ಕೊಂಡು, ಫ್ಯಾನ್ ಆಫ್ ಮಾಡಿ, ರಾತ್ರಿ ಒಂದು ಗಂಟೆ ಮೇಲೆ ರೆಕಾರ್ಡ್ ಮಾಡ್ತಿದ್ದೆ. ಹಗಲು ವೆಲ್ಡಿಂಗು, ಸೊಪ್ಪಿನವರು, ಕುಕ್ಕರು, ಬನ್ನೇರುಘಟ್ಟ ರಸ್ತೆ ಹಾರ್ನು. ಒಬ್ಬ ಕ್ಲೈಂಟು, ಒಳ್ಳೆ ದುಡ್ಡು ಕೊಡ್ತಿದ್ದವರು, "ಬ್ಯಾಕ್‌ಗ್ರೌಂಡಲ್ಲಿ ಏನೋ ಕೊಯ್ತಿರೋ ಸದ್ದು ಬರ್ತಿದೆ" ಅಂತ ಮೂರು ಸಲ ಹೇಳಿ, ನಾಲ್ಕನೇ ಸಲ ಹೇಳಲೇ ಇಲ್ಲ. ಬೇರೆಯವರನ್ನ ನೋಡ್ಕೊಂಡ್ರು. ಅವತ್ತೇ ನಿರ್ಧಾರ ಮಾಡಿದೆ, ಎಷ್ಟಾದ್ರೂ ಆಗಲಿ, ಸದ್ದಿಲ್ಲದ ಮನೆ ಬೇಕು.

ಅದೇ ಟೈಮಿಗೆ ಮೆಟ್ರೋ ಬಂತು. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾಯ್ತಲ್ಲ, ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ. ನನ್ನ ತಂಗಿ ಕೆಲಸ ಮಾಡೋದು ಎಲೆಕ್ಟ್ರಾನಿಕ್ ಸಿಟಿಲಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅವಳ ಜೀವನದ ನಾಲ್ಕು ವರ್ಷ ಹೋಗಿದೆ. "ಅಕ್ಕ, ಸ್ಟೇಷನ್‌ಗೆ ನಡ್ಕೊಂಡು ಹೋಗೋ ಹಾಗಿದ್ರೆ ಅರ್ಧ ಬಾಡಿಗೆ ನಂದು" ಅಂದಳು. ರಾಗಿಗುಡ್ಡ ಸ್ಟೇಷನ್ ಹತ್ರ ಹುಡುಕೋಕೆ ಶುರು ಮಾಡಿದ್ವಿ.

ರಾಗಿಗುಡ್ಡ ಅಂದ್ರೆ ನಿಮಗೆ ಆಂಜನೇಯ ನೆನಪಾಗಬಹುದು, ಇಲ್ಲ ಡಬಲ್ ಡೆಕರ್ ಫ್ಲೈಓವರ್. ಬೇಡಿ ಬಂದವರಿಗೆ ಕೊಡೋಕೆ ಹೊರಟಿದ್ದ ರಾಗಿ ರಾಶಿ ಕಲ್ಲಾಗಿ ಗುಡ್ಡ ಆಯ್ತು ಅನ್ನೋದು ಇಲ್ಲಿನ ಸ್ಥಳಪುರಾಣ. ಆದ್ರೆ ನಮ್ಮ ಕಡೆ, ಅಂದ್ರೆ ಅಮ್ಮನ ಫ್ಯಾಕ್ಟರಿ ಜನರ ಬಾಯಲ್ಲಿ, ರಾಗಿಗುಡ್ಡ ಅಂದ್ರೆ ಸ್ಲಮ್ಮು. ಜೆಪಿ ನಗರದ ದೊಡ್ಡ ದೊಡ್ಡ ಮನೆಗಳ ಪಕ್ಕದಲ್ಲೇ ಶೀಟಿನ ಮನೆಗಳು ಒತ್ತೊತ್ತಾಗಿ ಇದ್ವು. ಆಟೋದವರು "ಒಳಗೆ ಬರಲ್ಲ, ಇಲ್ಲೇ ಇಳೀರಿ" ಅಂತಿದ್ದ ಜಾಗ. ಆಮೇಲೆ ನರ್ಮ್ ಯೋಜನೆಲಿ ಕೊಳಚೆ ಪ್ರದೇಶ ಅಭಿವೃದ್ಧಿ ಮಂಡಳಿಯವರು ಅಲ್ಲಿ ಬಹುಮಹಡಿ ಬ್ಲಾಕ್ ಕಟ್ಟಿಸಿದ್ರು. ನಮ್ಮ ಹೊಸ ಮನೆಯ ಅಡುಗೆಮನೆ ಬಾಲ್ಕನಿಯಿಂದ ನೋಡಿದ್ರೆ ಆ ಬ್ಲಾಕುಗಳ ಟೆರೇಸು, ಸಿಂಟೆಕ್ಸ್ ಟ್ಯಾಂಕು, ಒಣಗಿ ಹಾಕಿರೋ ಬಟ್ಟೆ ಎಲ್ಲಾ ಕಾಣುತ್ತೆ.

ಬ್ರೋಕರ್ ಮನೆ ತೋರಿಸೋಕೆ ಬಂದಾಗ ಆ ಬಾಲ್ಕನಿ ಕರ್ಟನ್ ಎಳೆದಿತ್ತು. "ಮೇಡಂ, ಆ ಕಡೆ ಜಾಸ್ತಿ ತೆಗೆಯೋದೇನೂ ಬೇಡ" ಅಂದ್ರು. ಅದೇ ಮಹಡಿಲಿ, ಅದೇ ಅಳತೆ ಮನೆ, ಗುಡ್ಡದ ಕಡೆ ಮುಖ ಇದ್ರೆ 56,000. ಬ್ಲಾಕಿನ ಕಡೆ ಮುಖ ಇದ್ರೆ 52,000. ಬಡವರ ಬಟ್ಟೆ ಒಣಗೋದು ನೋಡೋಕೆ ತಿಂಗಳಿಗೆ ನಾಲ್ಕು ಸಾವಿರ ರಿಯಾಯಿತಿ. ನಾನು ಬಿಕಾಂ, ನನಗೆ ಲೆಕ್ಕ ಅರ್ಥ ಆಯ್ತು. ತಗೊಂಡೆ.

ಈಗ ದುಡ್ಡಿನ ವಿಷಯ. ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ, ನಿಮಗೂ ಬೇಕಾಗುತ್ತೆ.

ಓನರ್ ಕೇಳಿದ್ದು ಹತ್ತು ತಿಂಗಳ ಅಡ್ವಾನ್ಸ್, 5,20,000. ಬೆಂಗಳೂರಲ್ಲಿ ಇದು ಹಳೇ ಪದ್ಧತಿ. ಕಾನೂನು ಇಲ್ವಾ ಅಂದ್ರೆ, 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಡೆಪಾಸಿಟ್ ಬೇಡ ಅಂತ ಇದೆ. ಆದ್ರೆ ಅದು ಬರೀ ಮಾದರಿ, ರಾಜ್ಯ ತಾನೇ ಕಾನೂನು ಮಾಡಿದ್ರೆ ಮಾತ್ರ ಜಾರಿ. ನಮ್ಮದೇ 1999ರ ಬಾಡಿಗೆ ಕಾಯ್ದೆ ಬರೆಯುವಾಗ ಬೆಂಗಳೂರಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆ ಮನೆಗಳನ್ನ ಹೊರಗೇ ಇಟ್ರು. ಇವತ್ತು 3,500ಕ್ಕೆ ಬಿಟಿಎಂನಲ್ಲಿ ಪಿಜಿ ಬೆಡ್ ಕೂಡ ಸಿಗಲ್ಲ. ಅಂದ್ರೆ ನಮಗೆ ಉಳಿದಿರೋದು ಆ ಅಗ್ರಿಮೆಂಟ್ ಕಾಗದ ಒಂದೇ. ಅದೂ ಹನ್ನೊಂದು ತಿಂಗಳದ್ದು. ಯಾಕೆ ಹನ್ನೊಂದು ಅಂದ್ರೆ, 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ ಊರಿಗೆ ಊರೇ ವರ್ಷಕ್ಕೆ ಒಂದು ತಿಂಗಳು ಕಮ್ಮಿ ಬರೆಸುತ್ತೆ.

ಇನ್ನೊಂದು. ಬಾಡಿಗೆ ತಿಂಗಳಿಗೆ 50,000 ದಾಟಿದ್ರೆ ಬಾಡಿಗೆದಾರರೇ ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮೊದಲು 5 ಪರ್ಸೆಂಟ್ ಇತ್ತು, 2024ರ ಅಕ್ಟೋಬರ್‌ನಿಂದ 2. ನಮ್ಮ ಓನರ್ ಏನಂದ್ರು ಗೊತ್ತಾ? "ನಲವತ್ತು ಸಾವಿರ ಬಾಡಿಗೆ, ಹನ್ನೆರಡು ಸಾವಿರ ಫರ್ನಿಚರ್ ಅಂತ ಎರಡು ಅಗ್ರಿಮೆಂಟ್ ಮಾಡೋಣ." ಮನೇಲಿ ಫರ್ನಿಚರ್ ಅಂತ ಇದ್ದಿದ್ದು ಒಂದು ಶೂ ರ್‍ಯಾಕ್. ನಾನು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಏಳು ತಿಂಗಳ ಬಾಡಿಗೆ 3,64,000ಕ್ಕೆ 7,280 ಹಿಡಿದು ಕಟ್ಟಿದೆ. ಅವರು ಒಂದು ವಾರ ಮಾತಾಡಲಿಲ್ಲ. ಆ ದುಡ್ಡು ಅವರ ಪ್ಯಾನ್‌ಗೇ ಜಮಾ ಆಗುತ್ತೆ, ರಿಟರ್ನ್ಸ್‌ನಲ್ಲಿ ಸಿಗುತ್ತೆ ಅಂತ ಎಷ್ಟು ಹೇಳಿದ್ರೂ ಅವರ ಮುಖದಲ್ಲಿ ನಾನೇ ಕದ್ದೆ ಅನ್ನೋ ಭಾವ. ನೀವು ಕಟ್ಟದೇ ಬಿಟ್ರೆ ಬಡ್ಡಿ ಜೊತೆಗೆ ದಿನಕ್ಕೆ 200 ರೂಪಾಯಿ ಲೇಟ್ ಫೀ ಬೀಳೋದು ನಿಮ್ಮ ತಲೆ ಮೇಲೆ, ನೆನಪಿಡಿ.

ಅಡ್ವಾನ್ಸ್ ಚೌಕಾಸಿ ಮಾಡಿ ಆರು ತಿಂಗಳಿಗೆ ಇಳಿಸಿದೆ. 3,12,000. ಅದರಲ್ಲಿ 1,90,000 ಅಮ್ಮನದು.

ಅಮ್ಮನ ಆ ದುಡ್ಡಿನ ಬಗ್ಗೆ ಹೇಳಬೇಕು. ಅಮ್ಮ ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹದಿನೇಳು ವರ್ಷ ಟೈಲರ್. ಕಾಲರ್ ಕೂರಿಸೋ ಕೆಲಸ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ಟು, ನೀರು ಕುಡಿದ್ರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದ ದಿನಗಳು. 2016ರಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸ್ತು. ಮಾಲೀಕರ ಪಾಲಿನ ಹಣ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ. ನಲವತ್ತಕ್ಕೇ ಬೆನ್ನು, ಕಣ್ಣು ಹೋಗಿ ಕೆಲಸ ಬಿಡೋ ಹೆಂಗಸರಿಗೆ 58 ಅಂದ್ರೆ ಇನ್ನೊಂದು ಜನ್ಮ. ಏಪ್ರಿಲ್ 18 ಮತ್ತು 19, ಎರಡು ದಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದ್ರು. ಬೆಂಗಳೂರು ಸ್ತಬ್ಧ. ಆ ವರ್ಷ ಕೆಮಿಸ್ಟ್ರಿ ಪೇಪರ್ ಲೀಕ್ ಆಗಿ ಸೈನ್ಸ್ ಹುಡುಗರೂ ಬೀದಿಗಿಳಿದಿದ್ರು, ನಾನು ಕಾಮರ್ಸ್ ಆದ್ದರಿಂದ ಸೆಕೆಂಡ್ ಪಿಯು ಮುಗಿಸಿ ಮನೇಲಿ ಟಿವಿ ನೋಡ್ತಿದ್ದೆ. ಟಿವಿಲಿ ಲಾಠಿ, ಅಶ್ರುವಾಯು. ಅಮ್ಮ ಅದರೊಳಗಿದ್ಲು. ರಾತ್ರಿ ಒಂದು ಚಪ್ಪಲಿಲಿ ಮನೆಗೆ ಬಂದ್ಲು. ಎರಡನೇ ದಿನ ಕೇಂದ್ರ ಆ ನಿಯಮ ವಾಪಸ್ ತಗೊಂತು. ಯಾವ ದೊಡ್ಡ ನಾಯಕರೂ ಮುಂದೆ ನಿಂತು ಕರೆದಿರಲಿಲ್ಲ.

ಆ ಪಿಎಫ್ ದುಡ್ಡೇ ಈ ಮನೆ ಅಡ್ವಾನ್ಸ್. ನಾನು ಬೇಡ ಅಂದೆ. ನಿಜ ಹೇಳಬೇಕಂದ್ರೆ, ಜೋರಾಗಿ ಬೇಡ ಅನ್ನಲಿಲ್ಲ.

ಮನೆಗೆ ಬಂದು ಎಂಟನೇ ದಿನ. ಅಮ್ಮ ಕೆಳಗೆ ಸೊಪ್ಪು ತರೋಕೆ ಹೋಗಿ ವಾಪಸ್ ಬರ್ತಿದ್ದಾಳೆ. ಲಿಫ್ಟ್ ಮುಂದೆ ಸೆಕ್ಯುರಿಟಿ ಹುಡುಗ ನಿಲ್ಲಿಸಿ, "ಆಂಟಿ, ಸರ್ವಿಸ್ ಲಿಫ್ಟ್" ಅಂತ ಆ ಕಡೆ ಕೈ ತೋರಿಸಿದ. ನಮ್ಮಲ್ಲಿ ಮೂರು ಲಿಫ್ಟ್. ಎರಡು ಕನ್ನಡಿ ಇರೋದು, ಒಂದು ಮರದ ಹಲಗೆ ಹೊಡೆದಿರೋದು. ಹಲಗೆದು ಸಾಮಾನಿಗೆ, ಡೆಲಿವರಿಯವರಿಗೆ, ಮನೆಗೆಲಸದವರಿಗೆ. ಅಮ್ಮ ಏನೂ ಮಾತಾಡದೆ ಅದರಲ್ಲೇ ಬಂದಳು. ನನಗೆ ಹೇಳಿದ್ದು ಮೂರು ದಿನ ಆದ್ಮೇಲೆ, ಅದೂ ಬೇಳೆ ಬಸೀತಾ, ಯಾವುದೋ ಬೇರೆ ಮಾತಿನ ನಡುವೆ.

ನಾನು ಕುಣಿದೆ. ಕೆಳಗೆ ಹೋಗಿ ಆ ಹುಡುಗನ ಮೇಲೆ ಕೂಗಾಡಿದೆ. ಅವನು ಒಡಿಶಾದವನು, ಇಪ್ಪತ್ತೆರಡು ವರ್ಷ ಇರಬಹುದು. "ಮೇಡಂ, ನನಗೆ ಹೇಗೆ ಗೊತ್ತಾಗಬೇಕು? ನೋಡಿ ಕಳಿಸಿ ಅಂತ ಹೇಳಿದ್ದಾರೆ" ಅಂದ. ನೋಡಿ ಅಂದ್ರೆ ಏನು ನೋಡಿ? ಅವನಿಗೂ ಗೊತ್ತು, ನನಗೂ ಗೊತ್ತು. ಕಾಟನ್ ಸೀರೆ, ಹವಾಯ್ ಚಪ್ಪಲಿ, ಕೈಲಿ ಸೊಪ್ಪಿನ ಕವರ್. ಆ ಹುಡುಗ ಮಡಿವಾಳದ ಕಡೆ ಒಂದು ರೂಮಲ್ಲಿ ಆರು ಜನರ ಜೊತೆ ಇರ್ತಾನೆ. ಅವನ ಮೇಲೆ ಕೂಗಾಡಿದ್ದಕ್ಕೆ ಇವತ್ತಿಗೂ ನಾಚಿಕೆ ಆಗುತ್ತೆ. ನಿಯಮ ಬರೆದವರ ಮೇಲೆ ಕೂಗಾಡೋಕೆ ನನಗೆ ಜಾಗನೇ ಇರಲಿಲ್ಲ. ಓನರ್‌ಗಳ ವಾಟ್ಸಾಪ್ ಗ್ರೂಪಲ್ಲಿ ಬಾಡಿಗೆಯವರಿಗೆ ಪ್ರವೇಶ ಇಲ್ಲ. ನಮಗೆ ಬೇರೆ ಗ್ರೂಪ್, ಅದರಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ನಾವು ಹೆಬ್ಬೆಟ್ಟು ಒತ್ತಬಹುದು, ಅಷ್ಟೇ.

ಓನರ್‌ಗೆ ಫೋನ್ ಮಾಡಿದೆ. "ಅಯ್ಯೋ, ಅಷ್ಟೇನಾ? ಅಮ್ಮನಿಗೆ ಒಂದು ಐಡಿ ಕಾರ್ಡ್ ಮಾಡಿಸಿಬಿಡಿ" ಅಂದ್ರು. 250 ರೂಪಾಯಿ, ಒಂದು ಫೋಟೋ. ಹಸಿರು ದಾರದಲ್ಲಿ ಕಾರ್ಡ್ ಬಂತು. ಅಮ್ಮ ಅದನ್ನ ತಿರುಗಿಸಿ ತಿರುಗಿಸಿ ನೋಡಿದಳು. "ಹದಿನೇಳು ವರ್ಷ ಕೊರಳಿಗೆ ಕಾರ್ಡ್ ಹಾಕ್ಕೊಂಡಿದ್ದೆ. ಮನೆಗೆ ಬರೋಕೂ ಕಾರ್ಡಾ?" ಅಂದಳು. ಅವಳ ಫ್ಯಾಕ್ಟರಿ ಕಾರ್ಡು ಇನ್ನೂ ಇದೆ, ಬಿಸ್ಕತ್ತಿನ ಡಬ್ಬಿಲಿ, ಪಿಎಫ್ ಸ್ಲಿಪ್ಪುಗಳ ಜೊತೆ. ಇದನ್ನೂ ಅದರೊಳಗೇ ಹಾಕಿ ಮುಚ್ಚಿದಳು.

ಆಮೇಲೆ ಅವಳು ಬೇಕಂತಲೇ ಸರ್ವಿಸ್ ಲಿಫ್ಟಲ್ಲೇ ಓಡಾಡೋಕೆ ಶುರು ಮಾಡಿದಳು. ನಾನು ಇದು ಹಠ ಅಂದ್ಕೊಂಡೆ. ಒಂದಿನ ಜೊತೆಗೆ ಹೋದೆ. ಕನ್ನಡಿ ಲಿಫ್ಟಲ್ಲಿ ಹನ್ನೊಂದು ಮಹಡಿ ಯಾರೂ ಯಾರ ಮುಖಾನೂ ನೋಡಲ್ಲ, ಫೋನ್ ನೋಡ್ತಾರೆ. ಹಲಗೆ ಲಿಫ್ಟಲ್ಲಿ ಮಾತೋ ಮಾತು. ಒಂಬತ್ತನೇ ಮಹಡಿಲಿ ಅಡುಗೆ ಮಾಡೋರು, ಹದಿನಾಲ್ಕರಲ್ಲಿ ಮಗು ನೋಡ್ಕೊಳೋರು, ಎಲ್ಲರಿಗೂ ಅಮ್ಮ ಗೊತ್ತು. ಯಾರ ಮಗಳಿಗೆ ಹೆರಿಗೆ, ಯಾರ ಚೀಟಿ ಎತ್ತಿದ್ದು, ಯಾವ ಮನೇಲಿ ಸಂಬಳ ತಡ. ಹಾಗೆ ಒಂದಿನ ಆ ಲಿಫ್ಟಲ್ಲೇ ಅಮ್ಮನಿಗೆ ಅವಳ ಹಳೇ ಗೆಳತಿ ಸಿಕ್ಕಿದ್ದು. ಒಂದೇ ಲೈನಲ್ಲಿ, ಪಕ್ಕದ ಮಿಷನ್‌ನಲ್ಲಿ ಆರು ವರ್ಷ ಕೂತವರು. ಈಗ ನಮ್ಮ ಟವರಿನಲ್ಲಿ ಮೂರು ಮನೆ ಕೆಲಸ ಮಾಡ್ತಾರೆ. ಮನೆ ಎಲ್ಲಿ ಅಂದ್ರೆ, ನಮ್ಮ ಬಾಲ್ಕನಿ ಎದುರಿನ ಬ್ಲಾಕಿನ ಮೂರನೇ ಮಹಡಿ.

ಅವತ್ತಿಂದ ಸಂಜೆ ಆರೂವರೆ ಆದ್ರೆ ಅಮ್ಮ ಅಲ್ಲಿ. ಎರಡು ಮನೆ ನಡುವೆ ಒಂದು ಕಾಂಪೌಂಡು, ಅದರ ಮೇಲೆ ಮುಳ್ಳುತಂತಿ. ಆದ್ರೆ ಗೇಟಿಂದ ಸುತ್ತಿ ಹೋದ್ರೆ ಹದಿನೈದು ನಿಮಿಷ.

ಒಂದು ಸಲ ನಾನೂ ಹೋದೆ. ಕಾರಿಡಾರಿನಲ್ಲಿ ಚಾಪೆ, ಮೆಣಸಿನಕಾಯಿ ಬಜ್ಜಿ, ಮಕ್ಕಳ ಗಲಾಟೆ. ನನಗೆ ನಮ್ಮ ವಠಾರ ನೆನಪಾಗಿ ಗಂಟಲು ಕಟ್ತು. "ಆಂಟಿ, ನಿಮ್ಮದೇ ಚೆನ್ನಾಗಿದೆ, ನಮಗೆ ಅಲ್ಲಿ ಮಾತಾಡೋಕೆ ಒಬ್ಬರಿಲ್ಲ" ಅಂದೆ. ಆಂಟಿ ಬಜ್ಜಿ ತಿರುವಿ ಹಾಕ್ತಾ ಹೇಳಿದ್ರು, "ನಿಮ್ಮಮ್ಮನಿಗೇನಮ್ಮ, ಸಂಜೆ ಬಂದು ಕೂತು ಹೋಗ್ತಾಳೆ. ರಾತ್ರಿ ಮಲಗಲಿ ನೋಡೋಣ. ಲಿಫ್ಟ್ ಇಲ್ಲ, ನೀರು ಕೊಡದಲ್ಲಿ ಹೊತ್ತು ಹತ್ತಬೇಕು. ಮಳೆ ಬಂದ್ರೆ ಕೆಳಗಿನ ಮನೆಯವರಿಗೆ ಮೋರಿ ನೀರು ಒಳಗೆ. ನಿಮ್ಮ ಮನೆಲಿ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರುತ್ತೆ, ದಿನಾ ಪಾತ್ರೆ ತೊಳೆಯೋಳು ನಾನು, ನನಗೆ ಗೊತ್ತಿಲ್ವಾ?"

ಬಾಯಿ ಮುಚ್ಕೊಂಡು ಬಜ್ಜಿ ತಿಂದೆ.

ಹೊರಡುವಾಗ ಆಂಟಿ ಒಂದು ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿದ್ರು. ಒಳಗೆ ಹಕ್ಕುಪತ್ರ, ಅವರ ಹೆಸರಿನಲ್ಲೇ. ವರ್ಷಗಟ್ಟಲೆ ಶೆಡ್ಡಲ್ಲಿದ್ದು, ಆಫೀಸಿಗೆ ಅಲೆದು ಅಲೆದು ತಗೊಂಡಿದ್ದು. "ಲೀಕ್ ಆಗಲಿ, ಏನಾದ್ರೂ ಆಗಲಿ, ಇಲ್ಲಿಂದ ಎದ್ದೇಳು ಅಂತ ಯಾರೂ ಅನ್ನೋ ಹಾಗಿಲ್ಲ" ಅಂದ್ರು. ನನ್ನ ಹತ್ರ ಇರೋದು ಛಾಪಾ ಕಾಗದದ ಮೇಲಿನ ಹನ್ನೊಂದು ತಿಂಗಳು. ಅದರ ಏಳನೇ ಪುಟದಲ್ಲಿ, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಬಹುದು ಅಂತಲೂ ಇದೆ. ನೀವು ಸಹಿ ಹಾಕೋ ಮುಂಚೆ ಆ ಸಾಲು ಹುಡುಕಿ, "ವಾಸ್ತವ ಖರ್ಚು, ಬಿಲ್ ಸಮೇತ" ಅಂತ ತಿದ್ದಿಸಿ. ನಾನು ಟಿಡಿಎಸ್ ಜಗಳದಲ್ಲಿ ಅದನ್ನ ಓದಲೇ ಇಲ್ಲ. ಬಿಕಾಂ ಓದಿ ಏನು ಬಂತು ಹೇಳಿ.

ಹಾಗಂತ ಮನೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ತಂಗಿ ರಾತ್ರಿ ಏಳೂವರೆಗೆ ಮನೇಲಿರ್ತಾಳೆ, ಮೊದಲು ಒಂಬತ್ತೂವರೆ ಆಗ್ತಿತ್ತು. ನನಗೆ ಬಿಟ್ಟು ಹೋದ ಆ ಕ್ಲೈಂಟ್ ವಾಪಸ್ ಬಂದಿದ್ದಾರೆ, ಜೊತೆಗೆ ಇನ್ನಿಬ್ಬರು. ನಾನು ಸದ್ದಿಲ್ಲದಿರೋದನ್ನ ದುಡ್ಡು ಕೊಟ್ಟು ತಗೊಂಡೆ, ಅದು ದುಡಿದು ಕೊಡ್ತಿದೆ. ಆದ್ರೆ ಆ ಸದ್ದಿಲ್ಲದ ಮನೇಲಿ ಹಗಲು ಹತ್ತು ಗಂಟೆ ಒಬ್ಬಳೇ ಇರೋದು ಅಮ್ಮ. ನಾನು ಬೀರು ಒಳಗಿದ್ರೆ ಅವಳು ಮಿಕ್ಸಿ ಹಾಕಲ್ಲ, ಟಿವಿ ಹಾಕಲ್ಲ, ಫೋನಲ್ಲೂ ಪಿಸುಗುಟ್ತಾಳೆ. ಫ್ಯಾಕ್ಟರಿಲಿ ನೂರಾರು ಮಿಷನ್ ನಡುವೆ ಕೂಗಿ ಕೂಗಿ ಮಾತಾಡಿ ಅವಳ ದನಿನೇ ದೊಡ್ಡದು, ಅದನ್ನ ಈಗ ಅದುಮಿಟ್ಕೊಂಡಿದ್ದಾಳೆ. ಇದನ್ನ ನಾನು ಗಮನಿಸಿದ್ದು ಐದು ತಿಂಗಳಾದ್ಮೇಲೆ.

ಅಗ್ರಿಮೆಂಟ್ ಜುಲೈ 31ಕ್ಕೆ ಮುಗಿಯುತ್ತೆ. ಓನರ್ ಮೆಸೇಜ್ ಬಂದಿದೆ. 8 ಪರ್ಸೆಂಟ್ ಜಾಸ್ತಿ, ಅಂದ್ರೆ 56,160. ಮೆಟ್ರೋ ಬಂದ್ಮೇಲೆ ರೇಟ್ ಹಾಗೇ ಇದೆ ಮೇಡಂ ಅಂತ. ತಂಗಿ "ಇರೋಣ" ಅಂತಾಳೆ. ನನ್ನ ಲೆಕ್ಕದಲ್ಲೂ ಇರೋದೇ ಲಾಭ. ಅಮ್ಮನ್ನ ಕೇಳಿದ್ರೆ ಇರೋಣ ಅನ್ನಲ್ಲ, ಹೋಗೋಣ ಅಂತಾನೂ ಅನ್ನಲ್ಲ. "ಮೊದಲು ಡೆಪಾಸಿಟ್ಟಲ್ಲಿ ಎಷ್ಟು ಹಿಡೀತಾರೆ ಕೇಳು" ಅಂತಾಳೆ. ಅವಳಿಗೆ ಅದು ಪಿಎಫ್ ದುಡ್ಡು, ಇನ್ನೂ ಡೆಪಾಸಿಟ್ ಆಗಿಲ್ಲ.

ಇವತ್ತು ರಾತ್ರಿ ಒಳಗೆ ಉತ್ತರ ಕೊಡ್ತೀನಿ ಅಂತ ಓನರ್‌ಗೆ ಹೇಳಿದ್ದೀನಿ. ಈಗ ಎಂಟು ಹತ್ತು. ಅಮ್ಮ ಇನ್ನೂ ಎದುರಿನ ಬ್ಲಾಕಿಂದ ಬಂದಿಲ್ಲ.